ಶೇಡಿ ಮಣ್ಣಿನ ತೂತು

ಭೂಮಿತಾಯಿ ಕ್ಷಮೆಯ ಸಾಕಾರ ಮೂರ್ತಿ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಆ ಹಿರಿಯರಲ್ಲಿ ಯಾರೊಬ್ಬರೂ ಅವಳ ನೆತ್ತಿಗೆ ಎಂಟು ಇಂಚಿನ ಬಿಟ್ ಇಟ್ಟು ಇನ್ನೂರು ಅಡಿ ಕೊರೆದವರಲ್ಲ. ನಾನು ಕೊರೆದಿದ್ದೇನೆ. ಅವಳು ಕ್ಷಮಿಸಿದಳೋ ಇಲ್ಲವೋ ತಿಳಿಯದು. ಅವಳ ಪರವಾಗಿ ವಕಾಲತ್ತು ವಹಿಸಿದವರೊಬ್ಬರು ಮಾತ್ರ ಪಿಕ್ಕಾಸಿನ ಹಿಡಿಯಿಂದ ನನ್ನ ಮುಂದಿನ ಎರಡು ಹಲ್ಲು ಉದುರಿಸಿದರು.

ನನ್ನ ವೃತ್ತಿ ಮನೆಗಳನ್ನು ತಂಪು ಮಾಡುವುದು. ಶಾಂತಿಯುತ ವೃತ್ತಿಯೆಂದೇ ನಂಬಿ ತಲೆ ನರೆಸಿಕೊಂಡವನು ನಾನು. ಎಣ್ಮಕಜೆಯ ಒಂದು ಪದವಿನ ಅಂಚಿನಲ್ಲಿ ದಂತವೈದ್ಯೆಯೊಬ್ಬರು ಮನೆ ಕಟ್ಟಿಸುತ್ತಿದ್ದರು. ಪದವೆಂದರೆ ಮುರಕಲ್ಲು ಎಂಬ ಕೆಂಪು ಜಂಬಿಟ್ಟಿಗೆಯ ಬೋಳು ಹಾಸು; ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಒಮ್ಮೆ ಬರಿಗಾಲಿಟ್ಟವರು ಎರಡನೆಯ ಸಲ ಇಡುವುದಿಲ್ಲ. ಮನೆಯಂತೂ ಪರಿಸರದ ಸ್ನೇಹಕ್ಕೆಂದೇ ಹುಟ್ಟಿದ್ದು. ಗೋಡೆಗೆ ಅದೇ ಜಾಗದಲ್ಲಿ ಕಡಿದ ಕಲ್ಲು, ಗಾರೆಗೆ ಸುಣ್ಣ, ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಹಂಚು, ಮಳೆನೀರಿಗೆ ಇಂಗುಗುಂಡಿ, ಮೇಲೆ ಸೌರಫಲಕ, ಸ್ನಾನದ ನೀರು ಬಾಳೆಗೆ. ಪರಿಸರ ಮಾತ್ರ ಈ ಸ್ನೇಹಕ್ಕೆ ಓಗೊಡದೆ ಸುಡುತ್ತಲೇ ಇತ್ತು.

"ಇಷ್ಟೆಲ್ಲ ಮಾಡಿ ಕೊನೆಗೆ ಏಸಿ ಹಾಕಿದರೆ ನಾಟಕ ಆಗ್ತದೆ," ಎಂದರು ದಂತವೈದ್ಯೆ. "ಬೇರೆ ಎಂತಾದರೂ ಉಂಟಾ?"

ಉಂಟು ಎಂದೆ. ಹೊರಗೆ ಬಿಸಿಲು ಮೂವತ್ತಾರು ಡಿಗ್ರಿ ಇದ್ದಾಗಲೂ ನಮ್ಮ ಕಡೆ ನೆಲದ ಆಳದಲ್ಲಿ ವರ್ಷವಿಡೀ ಇಪ್ಪತ್ತೇಳು, ಇಪ್ಪತ್ತೆಂಟು. ಇನ್ನೂರು ಅಡಿಯ ಮೂರು ತೂತು ಕೊರೆದು, ಒಳಗೆ ಕಪ್ಪು ಪೈಪನ್ನು ಹೇರ್‌ಪಿನ್ನಿನ ಹಾಗೆ ಬಗ್ಗಿಸಿ ಇಳಿಸಿ, ಅದರಲ್ಲಿ ಅದೇ ನೀರನ್ನು ಸುತ್ತಿಸುತ್ತ ಮನೆಯ ಶಾಖವನ್ನು ನೆಲಕ್ಕೆ ದಾಟಿಸಬಹುದು. ಭೂಶಾಖದ ವ್ಯವಸ್ಥೆ ಎಂದು ಇದಕ್ಕೆ ಹೆಸರು. ಪೈಪಿನ ಸುತ್ತ ಉಳಿಯುವ ಸಂದಿಗೆ ಬೆಂಟೊನೈಟ್ ಎಂಬ ಉಬ್ಬುವ ಮಣ್ಣಿನ ರಾಡಿ ತುಂಬಿ ಮುಚ್ಚಬೇಕು. ಆ ರಾಡಿಯ ಪಂಪು ಬರುವುದು ನಾಲ್ಕು ದಿನ ತಡವೆಂದು ತಿಳಿದಾಗ, ಮೂರೂ ತೂತು ಕೊರೆದಾದ ಮೇಲೆ ಒಟ್ಟಿಗೆ ತುಂಬಿಸುವುದೆಂದು ತೀರ್ಮಾನಿಸಿದೆ. ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಆಗ ಮರೆತಿದ್ದೆ.

ಇಳಿಜಾರಿನಲ್ಲಿ, ನಮ್ಮ ಜಾಗದಿಂದ ನಲವತ್ತು ಅಡಿ ಕೆಳಗೆ, ಒಂದು ಮನೆ. ಆ ಮನೆಯ ಯಜಮಾನರು ಸುರಂಗ ತೋಡುವ ಕಸುಬಿನವರು. ನಮ್ಮಲ್ಲಿ ಬಾವಿ ತೋಡಲಾಗದ ಗುಡ್ಡಗಳ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಒಳಗೆ ಒಸರುವ ನೀರನ್ನು ಹೊರಗೆ ಹರಿಸಿಕೊಳ್ಳುತ್ತಾರಲ್ಲ, ಆ ವಿದ್ಯೆ. ಊರಿನವರಿಗೆಲ್ಲ ತೋಡಿಕೊಟ್ಟು, ತಮ್ಮ ಮನೆಗೆ ತಾವೇ ಹನ್ನೊಂದು ಬೇಸಿಗೆ ಒಬ್ಬರೇ ತೋಡಿದ ಸುರಂಗವೊಂದು ಅವರಿಗಿತ್ತು. ಅವರಿಗೂ ಪಕ್ಕದಲ್ಲಿದ್ದ ಅವರ ತಮ್ಮನ ಮನೆಗೂ ಮೂರು ಹಸುಗಳಿಗೂ ನೂರು ಚಿಲ್ಲರೆ ಮಲ್ಲಿಗೆ ಗಿಡಗಳಿಗೂ ನೀರೆಂದರೆ ಅದೊಂದೇ. ಸುರಂಗದ ಬಾಯಿಯಿಂದ ಅಡಿಕೆ ಮರವನ್ನು ಸೀಳಿ ಕೊರೆದ ದಂಬೆಯೊಂದು ಹೊರಗೆ ಚಾಚಿಕೊಂಡಿತ್ತು. ಅದರ ತುದಿಗೆ ಕೊಡಪಾನ ಇಟ್ಟರೆ ನಾಲ್ಕು ನಿಮಿಷಕ್ಕೆ ತುಂಬುತ್ತಿತ್ತು. ಪ್ರತಿ ಬೆಳಿಗ್ಗೆ ಅವರ ಹೆಂಡತಿ ಕೊಡಪಾನ ಇಡುವುದು, ಅವರು ಕೈಗಡಿಯಾರ ನೋಡುವುದು. ಬೇರೆಯವರು ರಾಶಿಫಲ ನೋಡುವ ಹಾಗೆ.

ಒಬ್ಬರ ಸುರಂಗದ ಮೇಲೆ ಇನ್ನೊಬ್ಬರು ಬೋರ್ ಹೊಡೆಯಬಾರದೆಂಬುದು ಆ ಗುಡ್ಡದ ನಿಯಮ. ಎಲ್ಲೂ ಬರೆದಿಟ್ಟದ್ದಲ್ಲ, ಬರೆದಿಟ್ಟಿದ್ದರೆ ಮೀರಬಹುದಿತ್ತು. ಆದ್ದರಿಂದ ಕೊರೆಯುವ ಲಾರಿ, ಅಂದರೆ ರಿಗ್, ತರುವ ಮೊದಲು ನಾನು ಕೆಳಮನೆಗೆ ಹೋಗಿ ಜಗಲಿಯಲ್ಲಿ ಕೂತು ವಿವರಿಸಿದೆ.

"ನಾವು ನೀರು ತೆಗೆಯುವುದಿಲ್ಲ. ಒಂದು ತೊಟ್ಟೂ ಇಲ್ಲ. ಶಾಖ ಮಾತ್ರ ಕೆಳಗೆ ಬಿಡುವುದು."

"ಇನ್ನೂರು ಅಡಿ ಕೊರೆದು ನೀರು ತೆಗೆಯದವ ಈ ಊರಲ್ಲಿ ಹುಟ್ಟಿಲ್ಲ ಮಾರಾಯ್ರೆ," ಎಂದರು ಅವರು.

"ನಿಮ್ಮ ಸುರಂಗ ಎಷ್ಟು ಉದ್ದ ಉಂಟು?"

"ಎಂಬತ್ತು ಕೋಲು."

ಕೋಲೆಂದರೆ ಎರಡೂವರೆ ಅಡಿ. ಒಟ್ಟು ಇನ್ನೂರು ಅಡಿ. ನಾನು ನಕ್ಷೆ ತೆಗೆದು, ಸುರಂಗದ ಬಾಯಿಯಿಂದ ಗುಡ್ಡದೊಳಕ್ಕೆ ಅಡಿಕೋಲಿಟ್ಟು ಕೆಂಪು ಪೆನ್ಸಿಲಿನಲ್ಲಿ ನೇರ ಗೆರೆ ಎಳೆದೆ. ಆ ಗೆರೆಯಿಂದ ಇಪ್ಪತ್ತೈದು ಅಡಿ ದೂರ ನಿಂತೇ ಕೊರೆಯುತ್ತೇನೆಂದು ಮಾತು ಕೊಟ್ಟೆ. ಅವರು ಗೆರೆಯನ್ನು ನೋಡಿ, ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದರು. ನಕ್ಷೆ ಓದುವುದು ಅವರಿಗೆ ತಿಳಿಯದು ಎಂದುಕೊಂಡೆ. ಅಡಿಕೋಲು ಹಿಡಿದವನಿಗೆ ಹೀಗೆ ಅನ್ನಿಸುವುದು ಸಹಜ.

ಮಕರ ತಿಂಗಳ ಒಂದು ಬೆಳಿಗ್ಗೆ ರಿಗ್ ಬಂತು. ಬರುವಾಗಲೇ ದಾರಿಯ ಎರಡು ಗೇರುಮರಗಳ ಕೊಂಬೆ ಸಿಗಿದು, ಅಂಗಳದ ಮೂಲೆಯ ಇಂಗುಗುಂಡಿಯೊಂದನ್ನು ಚಕ್ರದಡಿ ಜಜ್ಜಿ, ಪರಿಸರಸ್ನೇಹಿ ಗೋಡೆಗೆ ಹಿಂದಿನಿಂದ ಗುದ್ದಿ ನಿಂತಿತು. ಕಂಪ್ರೆಸರ್ ಚಾಲೂ ಆದಾಗ ಹಲ್ಲಿನ ಬೇರಿಗೆ ನಡುಕ ಇಳಿಯಿತು. ಸುತ್ತಿಗೆ ಬಿಟ್ ಮುರಕಲ್ಲಿಗೆ ಬಡಿಯುತ್ತಿದ್ದಂತೆ ತೂತಿನಿಂದ ಕೆಂಪು ಪುಡಿ, ಆಮೇಲೆ ಕೆಂಪು ರಾಡಿ, ಕುತ್ತಿಗೆ ಕೊಯ್ದ ಪ್ರಾಣಿಯಿಂದ ಚಿಮ್ಮುವ ಹಾಗೆ ಚಿಮ್ಮಿ ಬಿಳಿ ಸುಣ್ಣದ ಗೋಡೆಯ ಮೇಲೆಲ್ಲ ಹರಿಯಿತು. ನಲವತ್ತೆರಡು ಅಡಿಯಲ್ಲಿ ಬಣ್ಣ ಬದಲಾಯಿತು: ಬಿಳಿ, ನೇರಳೆ, ಸಾಬೂನಿನಂತೆ ಜಾರುವ ಮಣ್ಣು. ನಮ್ಮ ಕಡೆ ಇದನ್ನು ಶೇಡಿ ಎನ್ನುತ್ತಾರೆ. ಇಪ್ಪತ್ತು ಅಡಿ ಶೇಡಿ ದಾಟಿದ ಮೇಲೆ ಕರಿಬಂಡೆ. ಮೇಲಿನ ಶೇಡಿ ಕುಸಿಯದಂತೆ ಬಂಡೆಯ ತನಕ ಕೇಸಿಂಗ್ ಪೈಪನ್ನು ಬಡಿದು ಕೂರಿಸಿ, ಸಂಜೆಯೊಳಗೆ ಇನ್ನೂರು ಅಡಿ ಮುಗಿಸಿ, ಕಪ್ಪು ಪೈಪನ್ನು ಒಳಗಿಳಿಸಿದೆವು. ಕೇಸಿಂಗಿನ ಹೊರಮೈಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ರಾಡಿಯ ಪಂಪು ಬಂದಾಗ ಮುಚ್ಚುತ್ತದೆ ಎಂದುಕೊಂಡೆ.

ಮರುದಿನ ಸುತ್ತಿಗೆಯ ದುರಸ್ತಿ. ಮೂರನೆಯ ದಿನ ಬೆಳಿಗ್ಗೆ ಎರಡನೆಯ ತೂತಿಗೆ ರಿಗ್ಗನ್ನು ನಿಲ್ಲಿಸುವಾಗ ಕೆಳಮನೆಯವರು ಮೇಲೆ ಬಂದರು. ನಾನು ಫೋನಿನಲ್ಲಿದ್ದೆ, ಪಂಪಿನವರ ಜೊತೆಗೇ. ಹತ್ತು ನಿಮಿಷ ಎಂದು ಕೈಸನ್ನೆ ಮಾಡಿದೆ. ಅವರು ಕಲ್ಲಿನ ಮೇಲೆ ಕೂತರು. ಫೋನು ಮುಗಿದು ತಿರುಗಿ ನೋಡುವಾಗ ಅರ್ಧ ಗಂಟೆ ಆಗಿತ್ತು, ಕಲ್ಲು ಖಾಲಿಯಾಗಿತ್ತು. ಅವರು ಹೇಳಲು ಬಂದದ್ದು ಆಮೇಲೆ ತಿಳಿಯಿತು: ಆ ದಿನ ಕೊಡಪಾನ ತುಂಬಲು ಏಳು ನಿಮಿಷ ಹಿಡಿದಿತ್ತು. ಒಳಗೆ ಎಲ್ಲೋ ಹೂಳು ಕಟ್ಟಿರಬೇಕೆಂದು ತಿಳಿದು, ಮೋಟು ಪಿಕ್ಕಾಸು ಹಿಡಿದು, ಮೇಣದ ಬತ್ತಿ ಹಚ್ಚಿ, ಅವರು ಸುರಂಗದೊಳಗೆ ಹೋಗಿದ್ದರು.

ಹನ್ನೊಂದು ಗಂಟೆಯ ಹೊತ್ತಿಗೆ, ಮೂವತ್ತಾರು ಅಡಿಯಲ್ಲಿ, ರಿಗ್ಗಿನ ರಾಡು ದಡಕ್ಕನೆ ಐದಾರು ಅಡಿ ಕೆಳಗೆ ಬಿತ್ತು.

"ಕೆಳಗೆ ಖಾಲಿ ಇದೆ ಸಾರ್," ಎಂದ ರಿಗ್ಗಿನ ಮೇಸ್ತ್ರಿ. ಸೇಲಂ ಕಡೆಯವನು, ಕನ್ನಡವನ್ನು ಬೋರ್ ಹೊಡೆಯುತ್ತಲೇ ಕಲಿತವನು.

ತೂತಿನಿಂದ ರಾಡಿ ಬರುವುದು ನಿಂತಿತು. ಕಂಪ್ರೆಸರಿನ ಗಾಳಿಯೆಲ್ಲ ಕೆಳಗೇ ಹೋಗುತ್ತಿತ್ತು. ಲಾರಿಯ ಚಕ್ರಕ್ಕೆ ತುಂಬುವ ಗಾಳಿಯ ಎರಡು, ಮೂರು ಪಟ್ಟು ಒತ್ತಡದ ಗಾಳಿ. ನನಗೆ ಅರ್ಥವಾಗಲು ಮೂರು ಸೆಕೆಂಡು ಬೇಕಾಯಿತು. ಆ ಮೂರು ಸೆಕೆಂಡಿನಲ್ಲಿ ಇಳಿಜಾರಿನ ಕೆಳಗಿನಿಂದ ತೋಪು ಹಾರಿಸಿದಂಥ ಸದ್ದು ಬಂತು, ಜೊತೆಗೆ ಹೆಂಗಸೊಬ್ಬರ ಕೂಗು.

ಅವರು ಮೇಲೆ ಬಂದದ್ದನ್ನು ನಾನು ಮರೆಯಲಾರೆ. ತಲೆಯಿಂದ ಕಾಲಿನ ತನಕ ಕೆಂಪು ಕೆಸರು, ಅದರಲ್ಲಿ ಎರಡು ಬಿಳಿ ಕಣ್ಣು, ಎಡ ಕಿವಿಯಿಂದ ಕುತ್ತಿಗೆಗೆ ಇಳಿದ ರಕ್ತ ಮಾತ್ರ ಬೇರೆ ಕೆಂಪು. ಕೈಯಲ್ಲಿ ಮೋಟು ಪಿಕ್ಕಾಸು. ಓಡಲಿಲ್ಲ. ಕೆಲಸಕ್ಕೆ ಬರುವ ಹಾಗೆ ನಡೆದು ಬಂದು, ಮೊದಲ ಏಟನ್ನು ಗಾಳಿಯ ಹೋಸಿನ ಕೊಂಡಿಗೆ ಕೊಟ್ಟರು.

ಗಾಳಿ ತುಂಬಿದ ಹೋಸು ಬಿಚ್ಚಿಕೊಂಡರೆ ಎಂತಾಗುತ್ತದೆಂದು ನೋಡಿದವರಿಗೆ ವಿವರಿಸಬೇಕಿಲ್ಲ. ಅದನ್ನು ಕಟ್ಟಿಡಬೇಕಾದ ಸರಪಳಿ ರಿಗ್ಗಿನ ಪೆಟ್ಟಿಗೆಯಲ್ಲಿ ಹೊಚ್ಚ ಹೊಸದಾಗಿ ಮಲಗಿತ್ತು. ತೋಳುಗಾತ್ರದ ಹೋಸು ಎದ್ದು ನಿಂತು, ಒಂದು ಸುತ್ತು ತಿರುಗಿ, ರಿಗ್ಗಿನವನೊಬ್ಬನ ಮುಂಗೈ ಮುರಿದು, ದಂತವೈದ್ಯೆಯ ಕಾರಿನ ಮುಂದಿನ ಗಾಜನ್ನು ಒಳಕ್ಕೆ ಕಳಿಸಿತು. ನಾನು ಎರಡೂ ಕೈ ಎತ್ತಿ ಸುರಂಗದವರ ಮುಂದೆ ನಿಂತೆ. ಸಮಾಧಾನದ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ. ಬಾಯಿ ತೆರೆದ ಕ್ಷಣವೇ ಪಿಕ್ಕಾಸಿನ ಹಿಡಿ ಅದರೊಳಗೆ ಬಂತು. ಕಬ್ಬಿಣದ ಬದಿಯಿಂದ ಹೊಡೆಯಲಿಲ್ಲ ಎಂಬುದನ್ನು ಅವರ ಸಜ್ಜನಿಕೆಗೆ ಸಾಕ್ಷಿಯಾಗಿ ಇಲ್ಲಿ ದಾಖಲಿಸುತ್ತೇನೆ.

ಮೇಸ್ತ್ರಿ ಹಿಂದಿನಿಂದ ಬಂದು ಪೈಪ್ ತಿರುಗಿಸುವ ಮೂರಡಿಯ ಕಬ್ಬಿಣದ ಪಾನವನ್ನು ಅವರ ಬಲ ಹೆಗಲಿಗೆ ಬೀಸಿದ. ಮೂಳೆ ಮುರಿದ ಸದ್ದು ಕಂಪ್ರೆಸರಿನ ಗದ್ದಲದಲ್ಲೂ ಕೇಳಿಸಿತು. ಅವರು ಮೊಣಕಾಲೂರಿದರು. ಅಷ್ಟರಲ್ಲಿ ಅವರ ಹೆಂಡತಿ, ತಮ್ಮ, ತಮ್ಮನ ಮನೆಯವರು ಇಳಿಜಾರಿನ ಅಂಚಿಗೆ ಬಂದಾಗಿತ್ತು. ಮನೆ ಕಟ್ಟುವ ಜಾಗದಲ್ಲಿ ಮುರಕಲ್ಲಿನ ಚೂರಿಗೆ ಬರವಿಲ್ಲ. ಅರ್ಧ ಇಟ್ಟಿಗೆಯಷ್ಟು ದಪ್ಪದ ಚೂರುಗಳು ಗಾಳಿಯಲ್ಲಿ ಬಂದವು. ಒಂದು ಸೌರಫಲಕ, ಎರಡು ಕಿಟಕಿ, ಮೇಸ್ತ್ರಿಯ ಹುಬ್ಬು ಒಡೆದವು. ರಿಗ್ಗಿನವರು ರಾಡು ಹಿಡಿದು ನಿಂತರು. ಕೆಸರಿನಲ್ಲಿ ಕೈಕಾಲೂರಿ ಹಲ್ಲು ಹುಡುಕುತ್ತಿದ್ದ ನನ್ನ ಬೆನ್ನಿಗೂ ಒಂದು ಕಲ್ಲು ಬಿತ್ತು. ಯಾವ ಪಕ್ಷದ್ದೆಂದು ಇಂದಿಗೂ ಖಚಿತವಿಲ್ಲ.

ಜಗಳ ನಿಲ್ಲಿಸಿದವರು ದಂತವೈದ್ಯೆ. ಮನೆಯೊಳಗಿಂದ ಬಂದು, ಕಲ್ಲುಗಳ ನಡುವೆಯೇ ನಡೆದು, ಕಂಪ್ರೆಸರಿನ ಎಂಜಿನ್ ಬಂದ್ ಮಾಡಿದರು. ಬೆಳಿಗ್ಗೆಯಿಂದ ಕಿವಿಯೊಳಗೆ ಮನೆ ಮಾಡಿದ್ದ ಸದ್ದು ಒಮ್ಮೆಲೇ ಹೋಯಿತು. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಆ ನಿಶ್ಶಬ್ದದಲ್ಲಿ ಕಲ್ಲು ಎಸೆಯಲು ಎಲ್ಲರಿಗೂ ನಾಚಿಕೆಯಾಯಿತು.

"ಬಾಯಿ ನಾನು ನೋಡ್ತೇನೆ," ಎಂದರು ಅವರು. "ಮೂಳೆ, ಕಿವಿ ನನ್ನ ವಿಷಯ ಅಲ್ಲ. ಜೀಪು ಹೊರಡಿಸಿ."

ಗಾಜು ಉಳಿದಿದ್ದ ವಾಹನ ರಿಗ್ಗಿನವರ ಜೀಪು ಒಂದೇ. ಅದರಲ್ಲಿ ಹೆಗಲು ಮುರಿಸಿಕೊಂಡವರು, ಅದನ್ನು ಮುರಿದ ಮೇಸ್ತ್ರಿ, ಮುಂಗೈ ಮುರಿದವ ಮತ್ತು ನಾನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಆಸ್ಪತ್ರೆಗೆ ಹೋದೆವು. ಮೂರನೆಯ ತಿರುವಿನಲ್ಲಿ ನಾನು, ಬಟ್ಟೆ ಕಚ್ಚಿದ ಬಾಯಿಯಿಂದಲೇ, ಎಂಬತ್ತು ಕೋಲು ಲೆಕ್ಕ ಹಾಕಿ ದೂರ ನಿಂತೇ ಕೊರೆದದ್ದೆಂದು ಹೇಳಿದೆ.

"ನೀವು ಎಷ್ಟು ಉದ್ದ ಅಂತ ಕೇಳಿದ್ದು," ಎಂದರು ಅವರು. "ಎಲ್ಲಿಗೆ ಹೋಗ್ತದೆ ಅಂತ ಕೇಳಲಿಲ್ಲ."

"ಗೆರೆ ಎಳೆಯುವಾಗ ಹೇಳಬಹುದಿತ್ತಲ್ಲ."

"ಅದು ಎಂತ ಗೆರೆ ಅಂತ ನನಗೆ ಗೊತ್ತುಂಟಾ? ಕರೆಂಟಿನದ್ದು ಅಂತ ಎಣಿಸಿದ್ದು ನಾನು. ಸುರಂಗ ಯಾರಾದರೂ ನೇರ ತೋಡ್ತಾರಾ? ಮೆತ್ತಗೆ ಇದ್ದಲ್ಲಿಗೆ ಹೋಗುವುದು."

ಎಷ್ಟೋ ವರ್ಷ ನಕ್ಷೆ ಬರೆದ ನನಗೆ, ಮನುಷ್ಯನೊಬ್ಬ ನೆಲದೊಳಗೆ ನೇರ ಹೋಗದಿರಬಹುದು ಎಂಬ ಸಾಧ್ಯತೆ ಹೊಳೆದೇ ಇರಲಿಲ್ಲ.

ವಾರ್ಡ್ ಮೆಂಬರ್ ಆಸ್ಪತ್ರೆಗೆ ಬಂದು ಎರಡೂ ಕಡೆಯ ಗಾಯಗಳನ್ನು ಗಂಭೀರವಾಗಿ ತೂಗಿ ನೋಡಿ, ಹೆಚ್ಚುಕಡಿಮೆ ಸಮ ಉಂಟು, ದೂರು ಬೇಡ ಎಂದು ತೀರ್ಪಿತ್ತರು. ಜಗಳದ ವಿಡಿಯೋ ಮಾತ್ರ ಊರಿನ ಫೋನುಗಳಲ್ಲೆಲ್ಲ ಓಡಾಡಿತು. ಅದರಲ್ಲಿ ನಾನು ಕೆಸರಿನಲ್ಲಿ ಹಲ್ಲು ಹುಡುಕುವ ಭಾಗವನ್ನು ನಿಧಾನಗತಿಯಲ್ಲಿ ತೋರಿಸಲಾಗಿತ್ತು.

ಮರುದಿನ ಬೆಳಿಗ್ಗೆ ರಿಗ್ಗಿನ ಎಂಟು ಚಕ್ರಗಳನ್ನು ಯಾರೋ ಸೀಳಿದ್ದರು. ಕೆಲಸದ ಜಾಗದಲ್ಲಿದ್ದ ನನ್ನ ಮೇಜಿನ ಮೇಲೆ, ಹರಡಿದ್ದ ನಕ್ಷೆಯ ನಡುವೆ, ಒಂದು ತಾಮ್ರದ ಕೊಡಪಾನ ಇತ್ತು. ಪಕ್ಕದಲ್ಲಿ ಕೆಳಮನೆಯವರ ಹೆಂಡತಿ ನಿಂತಿದ್ದರು.

"ಆರು ಗಂಟೆಗೆ ಇಟ್ಟದ್ದು," ಎಂದರು. "ಈಗ ಎಂಟು. ನೋಡಿ."

ನೋಡಿದೆ. ತಳದಲ್ಲಿ ಒಂದು ಅಂಗೈಯಷ್ಟು ಒದ್ದೆ ಇತ್ತು.

"ಗಂಡನ ಕಿವಿ ಹೋಯಿತು, ಹೆಗಲು ಹೋಯಿತು. ಅದು ನಾವು ಸುಧಾರಿಸ್ತೇವೆ. ಹಸುಗಳಿಗೆ ನಾನು ಇವತ್ತು ಎಂತ ಕುಡಿಸಲಿ? ನಿಮ್ಮ ಶಾಖ ಕುಡಿಸಲಾ?"

ದಂತವೈದ್ಯೆ ಆ ದಿನವೇ ಎರಡು ಮನೆಗೂ ಟ್ಯಾಂಕರಿನ ನೀರು ಹಾಕಿಸಿದರು. ಹಸುಗಳು ಅದನ್ನು ಮೂಸಿ ಮುಖ ತಿರುಗಿಸಿದವು.

ನೀರು ಹೋದದ್ದು ಸುರಂಗಕ್ಕೆ ತೂತು ಬಿದ್ದದ್ದರಿಂದ ಎಂದು ಎಲ್ಲರೂ ತಿಳಿದಿದ್ದರು. ನನಗೆ ಮಾತ್ರ ಬೇರೆ ಅನುಮಾನ. ಎರಡನೆಯ ತೂತು ಸುರಂಗದ ಸೂರಿಗೆ ಬಿದ್ದದ್ದು, ತಳಕ್ಕಲ್ಲ. ಅದಕ್ಕೂ ಮೊದಲೇ ಕೊಡಪಾನ ಏಳು ನಿಮಿಷಕ್ಕೆ ಹೋಗಿತ್ತು. ಅಪರಾಧಿ ಮೊದಲನೆಯದು. ಕೊನೆಗೂ ಬಂದ ಪಂಪಿನಿಂದ ಅದಕ್ಕೆ ಬೆಂಟೊನೈಟ್ ರಾಡಿ ಸುರಿದೆವು. ಹದಿನೆಂಟು ಚೀಲ. ತೂತು ಒಂದು ತೇಗೂ ತೇಗದೆ ನುಂಗಿತು. ಮತ್ತೆ ಹತ್ತು ಚೀಲ ತರಿಸಿದೆ. ಅದನ್ನೂ ನುಂಗಿತು. ಪೈಪಿಗೆ ಕಿವಿಯಿಟ್ಟರೆ ಎಲ್ಲೋ ಆಳದಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಕೇಳಲು ಬಹಳ ಇಂಪಾದ ಸದ್ದು. ಒಂದು ಮನೆತನದ ನೀರು ಪಾತಾಳಕ್ಕೆ ಹೋಗುವ ಸದ್ದು.

ಜಗಳವಾದ ಐದನೆಯ ದಿನ, ಒಳಗೆ ಹೋಗಿ ನೋಡದೆ ಗತಿಯಿಲ್ಲವೆಂದು ಕೆಳಮನೆಗೆ ಹೋಗಿ ಕೇಳಿದೆ. ಅವರ ಬಲಗೈ ಕೊರಳಿಗೆ ಕಟ್ಟಿತ್ತು, ಎಡ ಕಿವಿಗೆ ಹತ್ತಿ. ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿ, ಎದ್ದು, ಎಡಗೈಯಲ್ಲಿ ಪಿಕ್ಕಾಸು ತೆಗೆದುಕೊಂಡರು.

"ಬತ್ತಿ ನೀವು ಹಿಡಿಯಿರಿ. ಬೆಂಕಿ ಸಣ್ಣ ಆದರೆ ಹಿಂದೆ ನೋಡದೆ ಹೊರಡಿ. ಗಾಳಿ ಇಲ್ಲ ಅಂತ ಅರ್ಥ."

ಸುರಂಗ ಒಬ್ಬ ಮನುಷ್ಯನ ಅಳತೆಯದು, ಅದೂ ಬಗ್ಗಿದ ಮನುಷ್ಯನದು. ಅವರು ಮುಂದೆ, ನಾನು ಹಿಂದೆ. ಐವತ್ತನೆಯ ಕೋಲಿನ ಹತ್ತಿರ ಅದು ಎಡಕ್ಕೆ, ನಮ್ಮ ಮನೆಯ ಕಡೆಗೆ, ಮೊಣಕೈಯಂತೆ ಬಾಗಿತು.

"ಇಲ್ಲಿ ಕರಿಕಲ್ಲು ಎದುರಾಯ್ತು," ಎಂದರು ಮುಂದೆ ನೋಡಿಕೊಂಡೇ. "ದೊಡ್ಡ ಮಗಳ ಮದುವೆಯ ವರ್ಷ. ಹಾಗೆ ತಿರುಗಿಸಿದ್ದು."

ಬಾಗಿದ ಮೇಲೆ ಸ್ವಲ್ಪ ದೂರದಲ್ಲಿ ಸೂರಿನಲ್ಲಿ ನನ್ನ ತೂತು. ಅಚ್ಚುಕಟ್ಟಾದ ದುಂಡು ತೂತು, ಮೂವತ್ತಾರು ಅಡಿ ಮೇಲೆ ನಾಣ್ಯದಷ್ಟು ಆಕಾಶ. ಸುತ್ತ ಸೂರು ಬಿರಿದಿತ್ತು. ಕೆಳಗೆ, ನೀರು ಹರಿಯಬೇಕಾದ ಕಾಲುವೆಯಲ್ಲಿ, ಶೇಡಿ ಒಣಗಿ ಚಕ್ಕೆ ಎದ್ದಿತ್ತು. ಅವರು ಕುಕ್ಕರಗಾಲಿನಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟರು. ಜ್ವರ ನೋಡುವ ಹಾಗೆ.

"ಶೇಡಿ ಅಂದರೆ ಬಟ್ಟಲು. ಮೇಲಿನ ನೀರು ಮುರಕಲ್ಲಲ್ಲಿ ಇಳಿದು ಇದರ ಮೇಲೆ ನಿಲ್ತದೆ. ಇದರ ಮೇಲೆಯೇ ನಾನು ಹನ್ನೊಂದು ವರ್ಷ ತೋಡಿದ್ದು, ಇದು ಎಲ್ಲೂ ತೂತಾಗದ ಹಾಗೆ. ನೀವು ಬಟ್ಟಲಿಗೇ ತೂತು ಮಾಡಿದ್ದು ಮಾರಾಯ್ರೆ. ಇಲ್ಲಿ ಅಲ್ಲ. ಆಚೆ, ಮೊದಲಿನದ್ದರಲ್ಲಿ."

ನಾನು ತೂತನ್ನು ನೋಡಲು ತಲೆ ಎತ್ತಿದೆ. ಆಗ ಅವರು ಪಿಕ್ಕಾಸು ಬಿಟ್ಟು ನನ್ನ ಅಂಗಿಯ ಕಾಲರನ್ನು ಹಿಡಿದು ಎಳೆದರು. ಉಸಿರು ಕಟ್ಟಿತು. ಸೇಡಿನ ಕ್ಷಣ ಬಂತೆಂದೇ ತಿಳಿದು ನಾನು ಅವರ ಮುರಿದ ಹೆಗಲಿಗೆ ಗುದ್ದಿದೆ. ಅವರು ನರಳಿದರು, ಕಾಲರು ಬಿಡಲಿಲ್ಲ. ನಾವಿಬ್ಬರೂ ಹಿಂದಕ್ಕೆ ಉರುಳುತ್ತಿದ್ದಂತೆ ಸೂರಿನಿಂದ ಬಾಗಿಲ ಹಲಗೆಯಷ್ಟು ಕಲ್ಲು ನಾನಿದ್ದಲ್ಲಿಗೆ ಬಿತ್ತು. ಬತ್ತಿ ಆರಿತು. ಕತ್ತಲಲ್ಲಿ ಇಬ್ಬರ ಏದುಸಿರು ಮಾತ್ರ.

"ಇಂಜಿನಿಯರ್ರೇ," ಎಂದರು ಅವರು, "ಬಿಡುವ, ಬೀಳಲಿ ಅಂತ ಒಮ್ಮೆ ಮನಸ್ಸಿಗೆ ಬಂತು."

"ಮತ್ತೆ ಯಾಕೆ ಎಳೆದಿರಿ?"

"ನೀರಿನ ಜಾಗ ಅಲ್ಲವಾ. ಹೆಣ ಕೊಳೆತರೆ ಮತ್ತೆ ಕುಡಿಯಲಿಕ್ಕೆ ಆಗ್ತದಾ?"

ಅವರು ಇನ್ನೂ ನೀರು ಬರುತ್ತದೆಂದೇ ಎಣಿಸುತ್ತಿದ್ದರು. ಕತ್ತಲಲ್ಲಿ ತಡವುತ್ತ ಹೊರಬರುವಾಗ ನನಗೆ ಹೊಳೆದದ್ದು ಅದೊಂದೇ.

ಹೊರಗೆ ಬಂದವನು ನೇರ ದಂತವೈದ್ಯೆಯ ಹತ್ತಿರ ಹೋದೆ. ನನ್ನ ಚೀಲದಲ್ಲಿ ಸಿಮೆಂಟ್ ಒತ್ತುವ ಒಂದು ಯೋಜನೆ ಇತ್ತು. ಪೈಪನ್ನು ಉಳಿಸಿಕೊಂಡೇ ಸಂದನ್ನು ಮುಚ್ಚುವ ಯೋಜನೆ. ಮೊದಲೆರಡು ಸಲ ನುಂಗಿದ ತೂತು ಮೂರನೆಯ ಸಲ ಉಗುಳುತ್ತದೆಂದು ನಂಬಲು ಕಾರಣವಿರಲಿಲ್ಲ. ನಾನು ಅದನ್ನು ಹೊರಗೆ ತೆಗೆಯಲಿಲ್ಲ.

"ಪೈಪು ಕೀಳುವ," ಎಂದೆ. "ಕೇಸಿಂಗೂ. ಭೂಶಾಖ ಬೇಡ. ತೂತು ಮುಚ್ಚಿದರೆ ಸಾಕು. ನಿಮ್ಮ ಮನೆ ಬಿಸಿಯಾಗಿಯೇ ಇರ್ತದೆ."

"ಇರಲಿ," ಎಂದರು ಅವರು. "ನಾನು ಒಂದು ಕೇಳ್ತೇನೆ. ರಾಡಿಯನ್ನು ಮೇಲಿಂದ ಸುರಿದಿರಾ?"

"ಹೌದು."

"ಹಲ್ಲಿನ ಬೇರಿನ ನಾಳವನ್ನು ನಾನು ಹಾಗೆ ತುಂಬಿಸಿದರೆ ರೋಗಿ ನನಗೂ ಪಿಕ್ಕಾಸಿನಲ್ಲಿ ಕೊಡ್ತಾನೆ. ತುದಿಯಿಂದ ಮೇಲಕ್ಕೆ ಬರಬೇಕು. ಗಟ್ಟಿಯಾದ್ದು. ಸ್ವಲ್ಪ ಹಾಕಿ ಕುಟ್ಟಬೇಕು, ಮತ್ತೆ ಸ್ವಲ್ಪ ಹಾಕಿ ಕುಟ್ಟಬೇಕು."

ಗಟ್ಟಿಯಾದ್ದು ಎಂತ ಎಂಬುದಕ್ಕೆ ಉತ್ತರ ಕೆಳಮನೆಯವರ ಅಂಗಳದಲ್ಲೇ ಇತ್ತು. ಸುರಂಗದ ತುದಿಯಲ್ಲಿ ನೀರು ತಂಗಲೆಂದು ತೋಡಿದ ಹೊಂಡದ ಶೇಡಿ, ಐದಾರು ವರ್ಷಗಳಿಂದ ಗುಡ್ಡೆಯಾಗಿ ಕೂತಿತ್ತು. "ಅಲ್ಲಿಂದ ತೆಗೆದದ್ದನ್ನೇ ಅಲ್ಲಿಗೆ ಹಾಕಬೇಕು," ಎಂದರು ಸುರಂಗದವರು. ಕಲ್ಲೆಸೆದವರೇ ಕಾಲಲ್ಲಿ ತುಳಿದು ಹದ ಮಾಡಿ, ನಿಂಬೆ ಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಆರಿಸಿದರು. ರಿಗ್ಗಿಗೆ ಬೇರೆ ಚಕ್ರ ಬಂತು. ಕಪ್ಪು ಪೈಪನ್ನು ಕಿತ್ತೆವು. ಅದು ಕರುಳಿನಂತೆ ಸುರುಳಿ ಸುರುಳಿಯಾಗಿ ಅಂಗಳದಲ್ಲಿ ಬಿತ್ತು. ಬಂಡೆಯ ಭಾಗಕ್ಕೆ ಜಲ್ಲಿ ತುಂಬಿಸಿದೆವು. ಅರವತ್ತೆರಡು ಅಡಿಯಿಂದ ಮೇಲಕ್ಕೆ ಶೇಡಿ: ಕೇಸಿಂಗನ್ನು ಎರಡು ಅಡಿ ಎತ್ತುವುದು, ಉಂಡೆ ಇಳಿಸುವುದು, ರಿಗ್ಗಿನ ರಾಡಿನಿಂದಲೇ ಒನಕೆಯಂತೆ ಕುಟ್ಟುವುದು. ಕೊರೆದ ಯಂತ್ರವೇ ಕುಟ್ಟುವ ಶಿಕ್ಷೆ ಅನುಭವಿಸಿತು.

ಸಾರಥ್ಯ ಕೆಳಮನೆಯವರದು. ಕಲ್ಲಿನ ಮೇಲೆ ಕೂತು, ನೆಟ್ಟಗಿದ್ದ ಬಲ ಕಿವಿಯನ್ನು ಕಬ್ಬಿಣದ ರಾಡಿನ ಮೈಗೆ ತಾಗಿಸಿ, ಸದ್ದಿನಲ್ಲೇ ಗಟ್ಟಿ ಆಯಿತೋ ಇಲ್ಲವೋ ಹೇಳುತ್ತಿದ್ದರು.

"ಇನ್ನೂ ಕುಟ್ಟು."

"ಸಾಕು ಅಣ್ಣಾ, ರಾಡ್ ಬೆಂಡ್ ಆಗುತ್ತೆ," ಎಂದ ಮೇಸ್ತ್ರಿ.

"ನನ್ನ ಹೆಗಲಿಗೆ ಹಾಕುವಾಗ ನೀನು ಸಾಕು ಅನ್ನಲಿಲ್ಲ. ಕುಟ್ಟು."

ಮೇಸ್ತ್ರಿ ಕುಟ್ಟಿದ. ಎರಡು ದಿನ ಕುಟ್ಟಿದ. ಮೂರನೆಯ ದಿನ ರಾಡು ನಿಜಕ್ಕೂ ಬಗ್ಗಿತು, ಮತ್ತು ಆಗ ಅವರು ಸಾಕೆಂದರು. ಸುರಂಗದ ಸೂರಿನ ತೂತಿಗೆ ಅವರ ತಮ್ಮ ಕಲ್ಲಿನ ದುಂಡು ಬಿರಡೆ ಕೆತ್ತಿ ಕೂರಿಸಿದ.

ಆಮೇಲೆ ಕಾಯುವುದು. ದಿನ ಬೆಳಿಗ್ಗೆ ಆರಕ್ಕೆ ದಂಬೆಯ ಕೆಳಗೆ ಕೊಡಪಾನ, ಸುತ್ತ ಎರಡು ಮನೆಯವರು, ದಂತವೈದ್ಯೆ, ನಾನು. ಒಂಬತ್ತನೆಯ ದಿನ ತೊಟ್ಟು ಬಿತ್ತು. ಹದಿಮೂರನೆಯ ದಿನ ದಾರದಷ್ಟು ಧಾರೆ. ಹಸುವೊಂದು ಹಗ್ಗ ಕಿತ್ತು ಬಂದು ಕೊಡಪಾನಕ್ಕೇ ಬಾಯಿ ಹಾಕಿತು. ಆ ದಿನದ ಅಳತೆ ಹಾಳಾಯಿತು. ಯಾರೂ ಅದನ್ನು ಹೊಡೆಯಲಿಲ್ಲ. ಆ ತಿಂಗಳಲ್ಲಿ ಏಟು ತಿನ್ನದೆ ಉಳಿದ ಜೀವ ಅದೊಂದೇ ಇರಬೇಕು.

ಅಂದು ಸುರಂಗದವರು ದಂತವೈದ್ಯೆಯ ಕಡೆ ತಿರುಗಿ, ತಲೆ ತಗ್ಗಿಸಿ ಹೇಳಿದರು: "ಅಕ್ಕ, ನಿಮ್ಮ ಜಾಗದಲ್ಲಿ ಒಂದು ಕುರುಡು ಸುರಂಗ ಉಂಟು."

ಅವರ ಹೆಂಡತಿ ಗಂಡನ ಮುಖ ನೋಡಿದರು. ಮೂವತ್ತು ವರ್ಷ ಜೊತೆಗೆ ಬಾಳಿದ ಅವರಿಗೂ ಇದು ತಿಳಿದಿರಲಿಲ್ಲ. ನೀರು ಸಿಗದ ಸುರಂಗದ ಬಾಯಿಗೆ ಕಲ್ಲು ಕಟ್ಟಿ ಮುಚ್ಚುವುದು, ತೋಡಿದವನು ಮತ್ತೆ ಅದರ ಮಾತೆತ್ತದಿರುವುದು ಆ ಕಸುಬಿನ ರೂಢಿ. ಮದುವೆಗೆ ಮೊದಲು, ಹಿಂದಿನ ಮಾಲಿಕರಿಗಾಗಿ ಅವರು ತೋಡಿದ ಮೊದಲ ಸುರಂಗ ಅದು. ನಲವತ್ತು ಕೋಲು ಹೋದರೂ ಒಂದು ಹನಿ ಸಿಕ್ಕಿರಲಿಲ್ಲ.

"ನೀರಿಲ್ಲ," ಎಂದರು. "ಆದರೆ ಒಳಗೆ ತಂಪು ಉಂಟು. ನಿಮಗೆ ಬೇಕಾದ್ದು ಅದೇ ಅಲ್ಲವಾ?"

ನಾನು ಮೊದಲ ದಿನ ಅವರ ಜಗಲಿಯಲ್ಲಿ ಕೂತು ಶಾಖದ ಪಾಠ ಹೇಳಿದ್ದೆ. ಕೇಳಿದವರಿಗೆ ಅರ್ಥವಾಗಿತ್ತು.

ಮನೆಯ ಬೆನ್ನಿಗೆ, ಪೊದೆಯ ಹಿಂದಿದ್ದ ಕಲ್ಲಿನ ಕಟ್ಟನ್ನು ಅವರು ಎಡಗೈಯಿಂದಲೇ ಒಡೆದರು. ಮೊದಲ ಏಟುಗಳು ಮೆಲ್ಲಗೆ ಬಿದ್ದವು, ಆಮೇಲಿನವು ಶತ್ರುವಿಗೆ ಬೀಳುವ ಹಾಗೆ. ಒಳಗೆ ಉಷ್ಣಮಾಪಕ ಇಟ್ಟೆ: ಇಪ್ಪತ್ತೇಳು. ಸುರಂಗದ ತುದಿಗೆ ಮೇಲಿನಿಂದ ಗಾಳಿಗಂಡಿ ಬೇಕಿತ್ತು. ರಿಗ್ ತರಿಸಲೇ ಎಂದು ಕೇಳಲು ಹೋಗಿ ಅವರ ಕೈಯ ಪಿಕ್ಕಾಸು ನೋಡಿ ಸುಮ್ಮನಾದೆ. ಅವರ ತಮ್ಮ ಅದನ್ನು ಕೈಯಿಂದಲೇ ತೋಡಿದ. ಗಂಡಿಗೆ ಬಲೆ, ಬಾಯಿಗೆ ಮುಚ್ಚಿದ ಗೂಡು, ಗೂಡಿನಿಂದ ಮೂರು ಕೋಣೆಗೆ ದಪ್ಪ ಪೈಪು, ಉಳಿದ ಸೌರಫಲಕಕ್ಕೆ ಸಣ್ಣದೊಂದು ಫ್ಯಾನು. ನೀರು ಬಂದರೆ ಹೊರಗೆ ಹರಿಯಲೆಂದು ಅವರು ಕೊಟ್ಟಿದ್ದ ಇಳಿಜಾರು, ಮಳೆಗಾಲದಲ್ಲಿ ಗೋಡೆ ಬೆವರಿದಾಗ ಆ ಹನಿಯನ್ನು ಹೊರಗೆ ಸಾಗಿಸಲು ಒದಗಿತು. ಇಡೀ ವ್ಯವಸ್ಥೆಯಲ್ಲಿ ನನ್ನ ಸ್ವಂತ ಕೊಡುಗೆ ಆ ಫ್ಯಾನು.

ಈಗ ಎಪ್ರಿಲಿನಲ್ಲಿ ಹೊರಗೆ ಮೂವತ್ತಾರು ಇದ್ದಾಗ ದಂತವೈದ್ಯೆಯ ಕೋಣೆಯಲ್ಲಿ ಇಪ್ಪತ್ತೊಂಬತ್ತು ಇರುತ್ತದೆ. ನನ್ನ ಮುಂದಿನ ಎರಡು ಹಲ್ಲು ಅವರು ಕಟ್ಟಿಕೊಟ್ಟದ್ದು. ಸುರಂಗದವರ ಹೆಗಲು ಕೂಡಿದೆ, ಎಡ ಕಿವಿ ಕೇಳುವುದಿಲ್ಲ. ದಂಬೆಯ ಕೆಳಗೆ ಕೊಡಪಾನ ತುಂಬಲು ಐದು ನಿಮಿಷ ಬೇಕು. ಮೊದಲು ನಾಲ್ಕು ಸಾಕಿತ್ತು.